ಸಿಬೆತ್ ಅಕ್ಕ ನೆಟ್ಟ ಕಾಂಡ್ಲಾ ಸಾಲು

ಅಕ್ಕಾ, ನಿನ್ನನ್ನು ಮಣ್ಣು ಮಾಡಿ ಎರಡು ಮಳೆಗಾಲ ಕಳೆದವು. ಆದರೂ ಇವತ್ತಿನದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಮಧ್ಯಾಹ್ನ ಗಾಳಿಯ ಜೊತೆ ಸಮುದ್ರದ ಉಬ್ಬರ ಕಾಸಮಾನ್ಸ್ ಹೊಳೆಗೆ ನುಗ್ಗಿತು. ಭತ್ತ ಹಾಲುಗಟ್ಟಿತ್ತು. ಮೀನಿಗೆ ಹೊಗೆ ಹಾಕಲು ನಾನು ಹೊಳೆಯಂಚಿನ ಉಪ್ಪುಕೆಸರಲ್ಲಿ ಬೇರುಬಿಡುವ ಕಾಂಡ್ಲಾ ಗಿಡ ಕಡಿದು ಬಯಲು ಮಾಡಿದ್ದ ಕಡೆಯೇ ನನ್ನ ಗದ್ದೆಯ ಒಡ್ಡು ಒಡೆಯಿತು.

"ಮಣ್ಣು ತನ್ರೇ, ಉಪ್ಪುನೀರು ನುಗ್ತಿದೆ!" ಎಂದು ಓದೆತ್ ಅತ್ತೆ ಕಿರುಚಿದರು. ಎಷ್ಟು ಸುರಿದರೂ ನಿಲ್ಲಲಿಲ್ಲ.

"ಗಿಡ ಮಣ್ಣನ್ನ ಹಿಡಿಯತ್ತೆ, ಮಣ್ಣು ಮಳೆನೀರನ್ನ ಹಿಡಿಯತ್ತೆ, ಆ ನೀರೇ ಕಣೇ ನಮಗೆ ಅನ್ನ" ಅನ್ನುತ್ತಿದ್ದೆ ನೀನು. ನಿನ್ನ ಗದ್ದೆಯ ಮುಂದೆ, ನೀನು ನೆಟ್ಟ ಗಿಡಗಳ ಬೇರಿನಲ್ಲೇ ಅಲೆಗಳ ಸೊಕ್ಕು ಮುರಿಯಿತು.

ಉಬ್ಬರ ಇಳಿದ ಮೇಲೆ ಉಪ್ಪು ಸೇರಿದೆಯೇ ಎಂದು ವಾಡಿಕೆಯಂತೆ ಗದ್ದೆಯ ನೀರನ್ನು ಬಾಯಿಗೆ ಹಾಕಿ ನೋಡಿದೆವು. ನಿನ್ನ ಗದ್ದೆಯದನ್ನು ಅತ್ತೆ ನೋಡಿದರು.

"ಸಿಹಿ ಇದೆ ಕಣೇ! ಕೆಸರಲ್ಲಿ ಕಡ್ಡಿ ನೆಡೋ ಹುಚ್ಚಿ ಅಂತ ಅವಳಿಗೆ ಹೆಸರಿಟ್ಟೋರು ಯಾರೇ?"

ಹೆಸರಿಟ್ಟ ನನ್ನ ಬಾಯಲ್ಲೇ ನನ್ನ ಗದ್ದೆಯ ಉಪ್ಪುನೀರಿತ್ತು. ಉಗುಳದೆ ನುಂಗಿದೆ.