ಗಂಟೆಯ ಸದ್ದು ಮಾತ್ರ ಹೊರಗೆ ಬರುವ ಚಾವಡಿ

ಶ್ರಾವಣದ ಎರಡನೆಯ ಸೋಮವಾರ,
ಇಸವಿ ಎರಡು ಸಾವಿರದ ನೂರಾ ಎಂಬತ್ತೇಳು

ನಮಗಿಂತ ಮೊದಲು ಈ ಊರಲ್ಲಿ ಬಾಳಿದ ಹಿರಿಯರಿಗೆ ದಾನವ್ವನ ಶರಣು.

ಇವತ್ತು ಉಪವಾಸ. ಹೊತ್ತು ಮುಳುಗಿ ಪೂಜೆಯಾಗುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಎಮ್ಮೆಯ ಕೊಟ್ಟಿಗೆ ಬಳಿದು, ಮಾಳಿಗೆ ಹತ್ತಿ ಮಿಂಚುಗಲ್ಲುಗಳನ್ನು ಒರೆಸಿ ಬಿಸಿಲಿಗೆ ಹೊರಳಿಸಿಟ್ಟೆ. ಲಿಂಗಪೂಜೆ ಮುಗಿಸಿ ಈ ಹಾಳೆ ಹಿಡಿದು ಕೂತಿದ್ದೇನೆ. ಮೇಲಿನ ಇಸವಿ ನೋಡಿ ನೀವು ನಗಬಹುದು. ಬರೆಯುವಾಗ ನನಗೂ ಕೈ ತಡೆಯಿತು. ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತವಳು ನಾನು. ನಿಮಗೆ ತಿಳಿಯದ ಶಬ್ದ ಬಂದರೆ ತಪ್ಪು ಹಿಡಿಯಬೇಡಿ, ತಿಳಿದಷ್ಟು ಬಿಡಿಸಿ ಹೇಳುತ್ತೇನೆ.

ನಮ್ಮ ಮಠದಲ್ಲಿ ಹಿಂದೋಲೆಯ ಪೆಟ್ಟಿಗೆ ಇದೆ. ಅದರಲ್ಲಿ ಹಾಕಿದ ಕಾಗದ ಮುಂದಿನ ಊರಿಗೆ ಹೋಗುವುದಿಲ್ಲ, ಹಿಂದಿನ ವರ್ಷಗಳಿಗೆ ಹೋಗುತ್ತದೆ. ಹೇಗೆ ಅಂತ ನನ್ನನ್ನು ಕೇಳಬೇಡಿ. ಅದನ್ನು ನೋಡಿಕೊಳ್ಳುವವರು ಮಠದ ಗುರುಪಾದಯ್ಯನವರು. ನೀವು ಉತ್ತರ ಬರೆದರೆ ತಾಮ್ರದ ಗಿಂಡಿಯಲ್ಲಿಟ್ಟು, ಬಾಯಿಗೆ ಅರಗು ಹಚ್ಚಿ, ಮಠದ ತೆಂಕಣ ಗೋಡೆಯ ಸಂದಿನಲ್ಲಿ ಹುದುಗಿಸಬೇಕು. ಆ ಗೋಡೆ ನಿಮ್ಮ ಕಾಲದ್ದೇ. ನಾನು ಕಾಗದ ಹಾಕಿದ ಗಳಿಗೆಗೇ ನಿಮ್ಮ ಉತ್ತರ ಅಲ್ಲಿರಬೇಕು ಎಂದು ಅಯ್ಯನವರು ಹೇಳುತ್ತಾರೆ. ಇಲ್ಲಿಯವರೆಗೆ ಯಾರಿಗೂ ಸಿಕ್ಕಿಲ್ಲವೆಂದೂ ಹೇಳುತ್ತಾರೆ.

ಮಿಂಚುಗಲ್ಲು ಅಂದರೆ ಅಂಗೈಯಗಲದ ಕರಿ ಬಿಲ್ಲೆ. ಹಗಲೆಲ್ಲ ಬಿಸಿಲು ಕುಡಿಸಿದರೆ ದೀಪ, ಒಲೆ, ಹಿಟ್ಟಿನ ಗಿರಣಿ ಎಲ್ಲ ಅದರಿಂದಲೇ ನಡೆಯುತ್ತವೆ. ನಮ್ಮಲ್ಲಿ ಕಟ್ಟಿಗೆ ಸುಡುವವರಿಲ್ಲ, ಕಂಬದ ಕರೆಂಟೂ ಇಲ್ಲ. ಆದರೆ ಕಲ್ಲಿಗೂ ಆಯುಷ್ಯವಿದೆ. ಸತ್ತ ಕಲ್ಲು ಬಿರಿದು ಒಳಗಿಂದ ಹಳದಿ ನೀರು ಒಸರತೊಡಗುತ್ತದೆ. ಅದು ತಾಗಿದ ನೆಲದಲ್ಲಿ ಹುಲ್ಲು ಏಳುವುದಿಲ್ಲ. ಪಟ್ಟಣದವರು ಅವನ್ನು ಗಾಡಿ ತುಂಬಿ ಹಳ್ಳಿಗಳ ಕಡೆ ಅಟ್ಟುತ್ತಾರೆ, ಯಾವ ಪಂಚಾಯ್ತಿ ಹೂಂ ಅನ್ನುತ್ತದೋ ಅಲ್ಲಿ ಹೂಳುತ್ತಾರೆ. ಮೂಡಲಿನ ಹಳ್ಳಿಯೊಂದರಲ್ಲಿ ಹೂಳಿದ ಮೇಲೆ ಎಳೆಗೂಸುಗಳ ಉಗುರು ನೀಲಿಗಟ್ಟಿದವು. ಆ ಊರಿಗೆ ಈಗ ಯಾರೂ ಹೆಣ್ಣು ಕೊಡುವುದಿಲ್ಲ, ಅಲ್ಲಿಂದ ತರುವುದೂ ಇಲ್ಲ.

ನಮ್ಮ ಪಂಚಾಯ್ತಿ ಕೂಡುವುದು ಬೆಳಕಿನ ಚಾವಡಿಯಲ್ಲಿ. ನಮ್ಮಜ್ಜಿಯ ಕಾಲಕ್ಕೆ, ಆಡಳಿತದಲ್ಲಿ ಮುಚ್ಚುಮರೆ ಇರಬಾರದೆಂದು ಕಾಯ್ದೆ ಬಂತಂತೆ. ಊರ ದೊಡ್ಡವರು ಮಣ್ಣಿನ ಗೋಡೆ ಕೆಡವಿ ಸುತ್ತಲೂ ಗಾಜು ನಿಲ್ಲಿಸಿದರು. ಗಾಜು ಗೇಣು ದಪ್ಪ. ಒಳಗೆ ಯಾರು ಕೂತರು, ಯಾರು ಎದ್ದರು, ಯಾರು ಚಹದಲ್ಲಿ ಬಿಸ್ಕೀಟು ಅದ್ದಿದರು ಎಲ್ಲ ಕಾಣುತ್ತದೆ. ದನಿ ಒಂದಿಷ್ಟೂ ಬರುವುದಿಲ್ಲ. ಸಭೆಯ ದಿನ ನಾವು ಹೊರಗಿನ ಕಟ್ಟೆಯ ಮೇಲೆ ನಿಂತು, ತೊಟ್ಟಿಯಲ್ಲಿ ಮೀನು ನೋಡಿದ ಹಾಗೆ, ಅವರ ತುಟಿ ಆಡುವುದನ್ನು ನೋಡುತ್ತೇವೆ. ಕೊನೆಗೆ ಅಧ್ಯಕ್ಷ ರಾಚೋಟಪ್ಪನವರು ಹಣೆತುಂಬ ವಿಭೂತಿ ಧರಿಸಿ, ಒಳಗಿರುವ ಮಲ್ಲಯ್ಯನ ಮೂರ್ತಿಗೆ ಮಂಗಳಾರತಿ ಎತ್ತುತ್ತಾರೆ. ಆಗ ಮಾತ್ರ ಮಾಳಿಗೆಯ ಮೇಲಿನ ಕಹಳೆ ಬಾಯಿ ತೆರೆದು ಗಂಟೆಯ ಸದ್ದನ್ನು ಹೊರಗೆ ಬಿಡುತ್ತದೆ. ಕೇಳಿದೊಡನೆ ನಾವೆಲ್ಲ ಕೈ ಮುಗಿಯುತ್ತೇವೆ. ಹುಟ್ಟಿದಾಗಿನಿಂದ ಹಾಗೇ. ಬಾಗಿಲ ಮೇಲೆ ಮೇಲುಗಣ್ಣು ಎಂಬ ಗುಂಡು ಗಾಜೊಂದಿದೆ. ಚಾವಡಿಗೆ ದೃಷ್ಟಿಯಾಗದಿರಲೆಂದು ಕಟ್ಟಿದ್ದು ಅಂದುಕೊಂಡಿದ್ದೆವು.

ಆಷಾಢದಲ್ಲಿ ನಮ್ಮ ಓಣಿಯ ಮೇಲಿನ ಮಡ್ಡಿಯಲ್ಲಿ, ಆ ಕಲ್ಲುದಿನ್ನೆಯಲ್ಲಿ, ಸತ್ತ ಕಲ್ಲು ಹೂಳಲು ಗುಂಡಿ ತೋಡತೊಡಗಿದರು. ಮಡ್ಡಿಯ ನೀರೆಲ್ಲ ಇಳಿದು ಬರುವುದು ನಮ್ಮ ಓಣಿಯ ಬಾವಿಗೆ. ಆ ಬಾವಿ ಬಿಟ್ಟರೆ ನಮಗೆ ಬೇರೆ ನೀರಿಲ್ಲ. ನನ್ನ ಮಗಳು ಶಾಂಭವಿ ಚೊಚ್ಚಲ ಹೆರಿಗೆಗೆ ಬಂದು ಮನೆಯಲ್ಲಿದ್ದಾಳೆ. ನಾನು ನೇರ ರಾಚೋಟಪ್ಪನವರ ಮನೆಗೆ ಹೋದೆ. ಅವರು ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದರು.

“ಯಾರನ್ನ ಕೇಳಿ ಗುಂಡಿ ತೋಡಾಕ ಹತ್ತೀರಿ, ಅಪ್ಪಾರ?” ಅಂದೆ.

“ನಿನ್ನನ್ನಽ ಕೇಳೀವಲ್ಲವಾ ದಾನವ್ವ. ಎರಡು ಸಭಾದಾಗೂ ನೀ ಹೂಂ ಅಂದೀದಿ.”

“ನಾ ಯಾವಾಗ ಅಂದೆನ್ರಿ?”

“ಕೈ ಮುಗಿದಿಲ್ಲೇನು? ಮುಗಿದ ಕೈ ಅಂದ್ರ ಒಪ್ಪಿಗಿ. ಮೇಲುಗಣ್ಣು ಎಲ್ಲಾ ನೋಡಿ ಎಣಿಸೇತಿ.”

“ಅದು ದೇವ್ರಿಗೆ ಮುಗಿದದ್ದರಿ!”

“ದೇವ್ರೂ ಒಳಗಽ ಅದಾನ, ನಾವೂ ಒಳಗಽ ಅದೀವಿ. ನೀ ಯಾರಿಗೆ ಮುಗಿದಿ ಅಂತ ಆ ಕಣ್ಣಿಗೇನ್ ಗೊತ್ತು?” ಎಂದು ನಕ್ಕರು. “ಮುಚ್ಚಿ ಮಾಡಿದ್ದು ಏನೈತಿ ಹೇಳು. ಗಾಜಿನ್ಯಾಗ ಎಲ್ಲಾ ಕಾಣತೈತಿ.”

“ಕಾಣತೈತಿ ಖರೆ. ಕೇಳೂದಿಲ್ಲಲ್ರಿ.”

ಅವರು ಸೊಸೆಯನ್ನು ಕರೆದು ನನಗೆ ನೀರು ಕೊಡಲು ಹೇಳಿದರು. ಆ ನೀರು ನಮ್ಮೂರಿನದಲ್ಲ. ಗುಂಡಿ ತೋಡುವ ಮೊದಲೇ ಅವರ ಮನೆಗೆ ದೂರದ ಊರಿಂದ ನೀರಿನ ಗಾಡಿ ಬರತೊಡಗಿತ್ತು. ನಾನು ಕುಡಿಯದೆ ಎದ್ದು ಬಂದೆ.

ಮೂರು ಸಭೆಗಳಲ್ಲಿ ಜನ ಒಪ್ಪಿದರೆ ತೀರ್ಮಾನ ಕಾಯಂ, ಆಮೇಲೆ ಯಾವ ಕೋರ್ಟೂ ಮುಟ್ಟುವಂತಿಲ್ಲ ಎಂದು ಅಯ್ಯನವರಿಂದ ತಿಳಿಯಿತು. ಅಂದರೆ ಒಂದೇ ಸಭೆ ಉಳಿದಿತ್ತು. ಆ ದಿನ ನಮ್ಮ ಕೈ ಕೆಳಗಿದ್ದರೆ ಸಾಕಿತ್ತು. ಮನೆಮನೆಗೆ ಹೋಗಿ ಹೇಳಿದೆ. ನೆರೆಮನೆಯ ಬಾಳವ್ವ ಮೊರ ಕೆಳಗಿಟ್ಟು ನನ್ನ ಮೇಲೇ ಏರಿ ಬಂದಳು.

“ಆರತಿ ಮುಂದ ಪೊಲೀಸ್ನಂಗ ಸೆಟೆದು ನಿಂದ್ರಬೇಕೇನು? ಮಲ್ಲಯ್ಯ ಸಿಟ್ಟಾದ್ರ ಯಾರ ಮನಿ ಬಾಗಿಲಿಗೆ ಬರತಾನ, ನಿಮ್ಮನಿಗೋ ನಮ್ಮನಿಗೋ?”

“ನಮ್ಮನಿಗೇ ಬರಲಿ. ಬಂದ್ರ ರೊಟ್ಟಿ ಹಾಕಿ ಕೂಡಸ್ತೇನಿ. ಅವ ಕೈ ನೋಡೂ ದೇವ್ರಲ್ಲ ಬಾಳವ್ವ, ಮನಸ್ಸು ನೋಡತಾನ.”

ಅವಳು ನಕ್ಕಳು. ನಕ್ಕ ಮೇಲೆ ಒಪ್ಪಿದಳು. ಓಣಿಯವರೂ ಒಬ್ಬೊಬ್ಬರಾಗಿ ಒಪ್ಪಿದರು. ಗಂಡಸರು ಕೈಯನ್ನು ಧೋತರದ ಗಂಟಿಗೆ ಸಿಕ್ಕಿಸಿಕೊಳ್ಳುವುದೆಂದೂ, ಹೆಂಗಸರು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದೆಂದೂ ಮಾತಾಯಿತು. ನಾನು ದೇವರ ಮುಂದೆ ಕೂತು, ತಂದೆ, ಇದೊಂದು ದಿನ ಕ್ಷಮಿಸು ಎಂದು ಬೇಡಿಕೊಂಡೆ.

ಮೊನ್ನೆ ಶನಿವಾರ ಸಭೆ ಕೂಡಿತು. ಕಟ್ಟೆಯ ಮೇಲೆ ಇಡೀ ಓಣಿ ನಿಂತಿತ್ತು. ಒಳಗೆ ತುಟಿಗಳು ಆಡಿದವು. ಗಂಟೆ ಹೊಡೆಯಿತು. ಯಾರ ಕೈಯೂ ಏಳಲಿಲ್ಲ. ರಾಚೋಟಪ್ಪನವರು ಒಂದು ಗಳಿಗೆ ನಮ್ಮನ್ನು ನೋಡಿದರು. ಆಮೇಲೆ ಆರತಿ ಕೆಳಗಿಟ್ಟು, ಇಬ್ಬರು ಸದಸ್ಯರಿಂದ ಮಲ್ಲಯ್ಯನ ಮೂರ್ತಿಯನ್ನೇ ಎತ್ತಿಸಿ ತಂದು, ಗಾಜಿಗೆ ತಾಗುವ ಹಾಗೆ ನಮ್ಮ ಎದುರಿಗೆ ನಿಲ್ಲಿಸಿದರು. ಎರಡು ಬೆಳ್ಳಿಯ ಕಣ್ಣು ನಮ್ಮ ಮುಖದ ನೇರಕ್ಕೆ ಬಂದವು. ಮತ್ತೆ ಆರತಿ ಎತ್ತಿದರು. ಗಂಟೆಯನ್ನು ನಿಲ್ಲಿಸಲೇ ಇಲ್ಲ.

ಮೊದಲು ಮುಗಿದದ್ದು ನನ್ನ ಮಗಳು. ಸೆರಗು ಬಿಟ್ಟು, ಎರಡೂ ಕೈ ಹಣೆಗೆ ಹಚ್ಚಿ, ಕಣ್ಣು ಮುಚ್ಚಿದಳು. ಅವಳನ್ನು ನೋಡಿ ಬಾಳವ್ವ, ಅವಳನ್ನು ನೋಡಿ ಉಳಿದವರು. ಕೊನೆಗೆ ನನ್ನವೆರಡು ಮಾತ್ರ ಕೆಳಗಿದ್ದವು. ಎಣಿಕೆ ಮುಗಿಸಿ ಮೇಲುಗಣ್ಣು ಹಸಿರಾಯಿತು, ಒಪ್ಪಿಗೆ ಕಾಯಂ ಆಯಿತು.

“ಯವ್ವಾ, ಹೊಟ್ಟ್ಯಾಗ ಕೂಸು ಐತಿ. ಮಲ್ಲಯ್ಯ ನನ್ನನ್ನಽ ನೋಡಾಕ ಹತ್ತಿದ್ದ. ನಾ ಹ್ಯಾಂಗ ಸುಮ್ನ ನಿಂದ್ರಲಿ?” ಎಂದು ಶಾಂಭವಿ ದಾರಿಯುದ್ದಕ್ಕೂ ಅತ್ತಳು. ಕೂಸು ಉಳಿಯಲೆಂದೇ ಮುಗಿದಳು.

ನಿನ್ನೆಯಿಂದ ಗಾಡಿಗಳು ಮಡ್ಡಿ ಏರುತ್ತಿವೆ. ಪಡುವಣದಲ್ಲಿ ಮೋಡ ಕಟ್ಟಿದೆ. ಶ್ರಾವಣದಲ್ಲಿ ಮಳೆ ಬರಲಿ ಎಂದು ಬೇಡದೆ ಇದ್ದದ್ದು ಇದೇ ಮೊದಲು.

ಹಿರಿಯರೇ, ನಿಮ್ಮ ಕಾಲದಲ್ಲಿ ಪಂಚಾಯ್ತಿಯ ಬಾಗಿಲು ತೆರೆದಿರುತ್ತಿತ್ತು, ಯಾರು ಬೇಕಾದರೂ ಒಳಗೆ ಕೂತು ಎದ್ದು ನಿಂತು ಕೇಳಬಹುದಿತ್ತು ಎಂದು ಕೇಳಿದ್ದೇನೆ. ಅದು ನಿಜವಾದರೆ ಹೋಗಿ ಕೂತುಕೊಳ್ಳಿ. ಕೆಲಸ ಬಿಟ್ಟು ಹೋಗಿ. ಒಳ್ಳೆಯವರಿದ್ದಾರೆ, ದೇವರ ಹೆದರಿಕೆ ಇರುವವರು, ನೋಡಿಕೊಳ್ಳುತ್ತಾರೆ ಎಂದು ಮನೆಯಲ್ಲಿ ಉಳಿಯಬೇಡಿ. ಯಾರಾದರೂ ಬಂದು, ಗೋಡೆ ತೆಗೆದು ಗಾಜು ಹಾಕುತ್ತೇವೆ, ಇನ್ನು ನೀವು ಹೊರಗೇ ನಿಂತು ನೋಡಿದರೆ ಸಾಕು ಅಂದರೆ, ಅವತ್ತೇ ಜಗಳ ತೆಗೆಯಿರಿ. ನನಗೆ ಒಂದು ಮಾತು ತಿಳಿಸಿ: ಆ ಮೊದಲ ದಿನ ನಿಮ್ಮಲ್ಲಿ ಒಬ್ಬರಾದರೂ ಬೇಡ ಅಂದಿದ್ದರೇ? ಅಂದಿದ್ದರೆ ಅವರ ಹೆಸರು ಬರೆಯಿರಿ. ಕೂಸಿಗೆ ಇಡುತ್ತೇನೆ.

ಶಾಂಭವಿಗೆ ಬೇನೆ ಹತ್ತಿದೆ. ಸೂಲಗಿತ್ತಿ ಒಳಗಿಂದ ಬಿಸಿನೀರು ಕೇಳುತ್ತಿದ್ದಾಳೆ. ಬಾವಿಗೆ ಹೋಗಲೇಬೇಕು, ಮನೆ ಬಿಟ್ಟು ಮಠದವರೆಗೆ ಬರುವ ಹಾಗಿಲ್ಲ, ಕಾಗದ ಕಳಿಸಿಕೊಡುತ್ತೇನೆ. ಗುರುಪಾದಯ್ಯನವರೇ, ಪೆಟ್ಟಿಗೆಗೆ ಹಾಕುವ ಮುನ್ನ ನೀವು ಇದನ್ನು ಓದುವಿರಿ. ಹಾಕಿದ ಮೇಲೆ ತೆಂಕಣ ಗೋಡೆಯ ಸಂದುಗಳನ್ನು ಕೈಯಿಟ್ಟು ನೋಡಿರಿ. ಗಿಂಡಿ ಸಿಕ್ಕರೆ ಅರಗು ಒಡೆಯದೆ, ಯಾರ ಕೈಯಲ್ಲಾದರೂ ನನಗೆ ಕಳಿಸಿಕೊಡಿರಿ.