ಆಯಿಯ ಅರ್ಧಾ

ಹಿಂದವಾಡಿ, ಬೆಳಗಾವಿ
೧೪ ಡಿಸೆಂಬರ್ ೨೦೨೪

ಪ್ರೀತಿಯ ವಿಪುಲ ಅವರಿಗೆ,

ಹೇಗಿದ್ದೀರಿ? ಹಡಗಿನ ಊಟ ಒಗ್ಗಿತೇ? ಮೊಣಕಾಲ ನೋವು ಕಡಿಮೆಯಾಯಿತೇ? ನಾನು ಆರಾಮಾಗಿದ್ದೇನೆ. ನಡುನಡುವೆ ಕಡಿದುಹೋಗುವ ಫೋನಿನಲ್ಲಿ ಇದನ್ನೆಲ್ಲ ಹೇಳಲು ಮನಸ್ಸಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲಕ್ವ ಹೊಡೆದ ಮೇಲೆ ನಿಮ್ಮ ಅಜ್ಜಿಯ, ನಮ್ಮೆಲ್ಲರ ಆಯಿಯ, ಕೈಕಾಲು ಸುಧಾರಿಸಿವೆ, ಮಾತು ಮಾತ್ರ ಎಲ್ಲೋ ದೂರ ಹೋಗಿಬಿಟ್ಟಿದೆ. ಇಳಿಬಿಸಿಲಿನಲ್ಲಿ ಕಿಟಕಿಯ ಬಳಿ ಕೂತು, ಬಾವಿಯ ಆಳದಿಂದ ಏನನ್ನೋ ಸೇದುವವರಂತೆ ತುಟಿ ಅಲುಗಿಸುತ್ತಾರೆ. ಕೊನೆಗೆ ಬರುವುದು ಒಂದೇ ಶಬ್ದ: ‘ಅರ್ಧಾ’. ಅರ್ಧ ರೊಟ್ಟಿ ಕೊಟ್ಟರೆ ಸರಿಸುತ್ತಾರೆ. ಕ್ಯಾಂಪಿನ ಬೇಕರಿಯಿಂದ ಬ್ರೆಡ್ ತಂದು, ಸೌತೆಕಾಯಿ ಸ್ಯಾಂಡ್‌ವಿಚ್ ಮಾಡಿ, ಮೂಲೆಯಿಂದ ಮೂಲೆಗೆ ಕೊಯ್ದು ಅರ್ಧ ಇಟ್ಟೆ. ಬೆರಳಿನಿಂದ ಒತ್ತಿ ನೋಡಿ ನಕ್ಕರೇ ಹೊರತು ತಿನ್ನಲಿಲ್ಲ. ನನ್ನ ಕೈಯದೆಂದು ಬೇಡವಾಯಿತೇನೋ ಅಂದುಕೊಂಡೆ. ಬೇರೆ ಜಾತಿಯವಳೆಂದು, ಮದುವೆಯಾಗಿ ಬಂದಾಗಿನಿಂದ ನಾನು ಮಾಡಿದ್ದನ್ನು ಆಯಿ ಮುಟ್ಟಿಲ್ಲವಲ್ಲ. ಈಗಲೂ ಪಕ್ಕದ ಮನೆಯ ಮಾಯಾ ಮಾಡಿಕೊಟ್ಟರೇ ಊಟ.

ಹೋದ ವಾರ ಅವರನ್ನು ಖಾನಾಪುರಕ್ಕೆ, ನಿಮ್ಮ ಸುಹಾಸಿನಿ ಅತ್ತೆಯ ಮನೆಗೆ ಕರೆದುಕೊಂಡು ಹೋಗಿದ್ದೆ. ಮಂಜು ಇನ್ನೂ ಕರಗಿರಲಿಲ್ಲ. ಒಲೆಯ ಹೊಗೆ ಅದರಲ್ಲಿ ಬೆರೆತು ಅಂಗಳವೆಲ್ಲ ನಿದ್ದೆಗಣ್ಣಿನಲ್ಲಿ ಕಂಡಂತಿತ್ತು. ಆಯಿ ಬಾಗಿಲ ಕಡೆ ನೋಡುತ್ತ ಮತ್ತೆ ‘ಅರ್ಧಾ’ ಅಂದರು. ನಾನು ರೊಟ್ಟಿ ಮುರಿಯಹೋದೆ. ಅತ್ತೆ ನನ್ನ ಕೈ ಹಿಡಿದರು.

“ಅದು ರೊಟ್ಟಿ ಅಲ್ಲವ್ವಾ ಸಾಕ್ಷಿ. ವಿಪುಲಗ ಕರ್ಯಾಕತ್ತಾಳ.”

ಚಿಕ್ಕವರಿದ್ದಾಗ ನಿಮ್ಮ ಅಣ್ಣ ಪಾರ್ಶ್ವ ಅವರಿಗೆ ಕಾಲು ರೊಟ್ಟಿಯೇ ಸಾಕಾಗುತ್ತಿತ್ತಂತೆ, ನೀವು ಅರ್ಧ ಮುಗಿಸದೆ ಏಳುತ್ತಿರಲಿಲ್ಲವಂತೆ. ಅದಕ್ಕೇ ಆಯಿಯ ಬಾಯಲ್ಲಿ ಅವರು ‘ಚತಕೋರ’, ಅಂದರೆ ಕಾಲುಭಾಗ; ನೀವು ‘ಅರ್ಧಾ’. ನನಗೆ ನೀವು ಇದನ್ನು ಹೇಳಿಯೇ ಇರಲಿಲ್ಲ! ಮೊಬೈಲಿನಲ್ಲಿದ್ದ ನಿಮ್ಮ ಫೋಟೊ ತೋರಿಸಿದೆ. ಆಯಿ ಅದರ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತರು. ಇಷ್ಟು ದಿನ ಅವರು ನಿಮ್ಮನ್ನು ಕೇಳುತ್ತಿದ್ದರು, ನಾನು ತಟ್ಟೆ ಒಡ್ಡುತ್ತಿದ್ದೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಬಿಸಿಲಲ್ಲಿ ಟೋಪಿ ಮರೆಯಬೇಡಿ.

ನಿಮ್ಮ
ಸಾಕ್ಷಿ

ತಾ.ಕ.: ಲಕೋಟೆ ಅಂಟಿಸುವುದರೊಳಗೆ ಇದೊಂದು. ಇವತ್ತು ಮಾಯಾ ಊರಲ್ಲಿರಲಿಲ್ಲ. ಹೊತ್ತು ಮುಳುಗುವ ಮೊದಲು, ಹೆದರುತ್ತಲೇ, ನಾನು ಬಡಿದ ರೊಟ್ಟಿ ಇಟ್ಟೆ. ಆಯಿ ತಿಂದರು. ಆಮೇಲೆ ಒಂದು ಚೂರು ಮುರಿದು, ಪಲ್ಯ ಹಚ್ಚಿ, ನನ್ನ ಬಾಯಿಯ ಹತ್ತಿರ ತಂದು ‘ತುತ್ತು’ ಅಂದರು. ಅದು ರೊಟ್ಟಿಯ ಹೆಸರೋ ನನ್ನದೋ, ಗೊತ್ತಿಲ್ಲ. ನಾನು ಬಾಯಿ ತೆರೆದೆ. ರಜೆ ಕೇಳಿ ಬೇಗ ಬನ್ನಿ.