ಮೂರಕ್ಕೆ ಬಾಲವಿತ್ತೇ?

ಫೆಬ್ರುವರಿ ಮೂವತ್ತು, ಇಸವಿ ಎರಡು ಸಾವಿರದ ಮುನ್ನೂರ ಹನ್ನೆರಡು

ಶ್ರೀಮತಿ ಸುಗಂಧಾ ಬಡಿಗೇರ ಅವರಿಗೆ, ಉಸಿರುಗಾವಲಿ ಚಂಪಾವತಿಯ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಉಸಿರುಗಾವಲಿ ಎಂದರೆ ನಿಮ್ಮ ಕಾಲದ ಅರಿವಳಿಕೆ ವೈದ್ಯೆ. ನೀವು ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಿದ್ದ ಮೈಯೊಳಗಿನ ಸವೆತವನ್ನು ನಾವು ಒಳತುಕ್ಕು ಎನ್ನುತ್ತೇವೆ. ಇಲ್ಲಿ ಹೆಣ್ಣು ನೋಡಲು ಬಂದವರೂ ಮೊದಲು ಬೆರಳು ಚುಚ್ಚಿ ತುಕ್ಕು ನೋಡುತ್ತಾರೆ. ಸಂತೆಯಲ್ಲಿ ಹುಣಸೆಹಣ್ಣಿನ ಪಕ್ಕದಲ್ಲೇ ಪರೀಕ್ಷೆಯ ಪಟ್ಟಿ ಮಾರುತ್ತಾರೆ. ಆಪರೇಷನ್ ಕೋಣೆಯಲ್ಲಂತೂ ನೇಮಗಾರನದೇ ದರ್ಬಾರು. ಅದೊಂದು ಯಂತ್ರ, ಹಳೆಯ ಅಧ್ಯಯನಗಳನ್ನು ಓದಿ ನಿಯಮ ಮಾಡುತ್ತದೆ, ಅನಿಲದ ಕೀಲಿಯನ್ನು ಯಾರ ಕೈಗೂ ಕೊಡುವುದಿಲ್ಲ. ನಿಮಿಷಕ್ಕೆ ಒಂದೇ ಲೀಟರ್ ಹೊಸ ಅನಿಲ ಕೊಟ್ಟು, ರೋಗಿ ಬಿಟ್ಟ ಉಸಿರನ್ನೇ ಶುದ್ಧಮಾಡಿ ತಿರುಗಿ ಕೊಡುವುದು ಸಣ್ಣ ಹರಿವು. ಅದರಿಂದ ತುಕ್ಕು ಕಡಿಮೆ ಎನ್ನುತ್ತದೆ ನೇಮಗಾರ. ನಾಲ್ಕು ಲೀಟರಿನ ದೊಡ್ಡ ಹರಿವು ನಿಷಿದ್ಧ. ಈ ನಿಯಮಕ್ಕೆ ಉಳಿದಿರುವ ಆಧಾರ, ಎರಡೂ ಹರಿವಿನ ರೋಗಿಗಳ ರಕ್ತ ಪರೀಕ್ಷಿಸಿ ನೀವು ಬರೆದಿಟ್ಟ ನೋಟುಬುಕ್ಕು ಒಂದೇ.

ಸೋಮವಾರ ನನ್ನ ಅವ್ವನಿಗೆ ಪಿತ್ತಕೋಶದ ಆಪರೇಷನ್. ಅವಳ ರಕ್ತದಲ್ಲಿ ಈಗಲೇ ತುಕ್ಕು ವಿಪರೀತ. ಇನ್ನು ಸ್ವಲ್ಪ ಏರಿದರೂ ಮೂತ್ರಪಿಂಡ ತಡೆಯುವುದಿಲ್ಲ. "ತುಕ್ಕು ಹಿಡಿಯಾಕ ನನ್ನ ಮೈಯಾಗ ಇನ್ನ ಜಾಗಾ ಎಲ್ಲೈತವಾ" ಎಂದು ಅವಳು ನಗುತ್ತಾಳೆ. ನನಗೆ ನಗಲು ಆಗುವುದಿಲ್ಲ.

ಅದಕ್ಕೇ ನಿಮ್ಮ ನೋಟುಬುಕ್ಕನ್ನು ಭೂತಗನ್ನಡಿ ಹಿಡಿದು ನಾನೇ ಓದಿದೆ. ಆಪರೇಷನ್ ಮುಗಿದು ಎಷ್ಟು ಗಂಟೆಗೆ ರಕ್ತ ತೆಗೆದಿರಿ ಎಂಬುದನ್ನು ನೀವು ಕನ್ನಡ ಅಂಕೆಯಲ್ಲಿ ಬರೆದಿದ್ದೀರಿ. ನೇಮಗಾರ ಎಲ್ಲವನ್ನೂ ೩ ಎಂದೇ ಓದಿಕೊಂಡಿದೆ. ಆದರೆ ಸಣ್ಣ ಹರಿವಿನವರ ಸಾಲಿನಲ್ಲಿ ಮಾತ್ರ ಆ ಮೂರಕ್ಕೊಂದು ಬಾಲ ಇದ್ದಂತಿದೆ. ಅದು ೬ ಆಗಿದ್ದರೆ? ಆಗ ಅವರ ತುಕ್ಕು ಇಳಿದದ್ದು ಹರಿವಿನಿಂದಲೋ, ಮೂರು ಗಂಟೆ ಹೆಚ್ಚು ಕಾದದ್ದರಿಂದಲೋ, ಹೇಳುವವರು ಯಾರು?

ಆಸ್ಪತ್ರೆಯ ಸಭೆಗೆ ತೋರಿಸಿದೆ. ಪುಟ ಸರಿಯಾಗಿ ನೋಡುವ ಮೊದಲೇ ಶಾಯಿ ಹರಡಿದೆ ಎಂದುಬಿಟ್ಟರು. ಆ ಅವಸರವೇ ನನಗೆ ಸರಿಕಾಣಲಿಲ್ಲ. ನಿಮ್ಮ ಮೇಲೂ ಗುಮಾನಿಯಿದೆ: ಊಟಕ್ಕೆ ಹೋದವರು ಮಾತಿಗೆ ಕೂತು ತಡಮಾಡಿದಿರಾ? ಅವ್ವನ ಚಿಂತೆಯಲ್ಲಿ ಇಲ್ಲದ ಬಾಲವನ್ನು ಕಾಣುತ್ತಿದ್ದೇನೆಯೇ ಎಂದು ನನ್ನ ಮೇಲೂ ಇದೆ. ದೊಡ್ಡ ಹರಿವೇ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಯಾವುದು ಒಳ್ಳೆಯದೋ ಗೊತ್ತಿಲ್ಲ ಎಂದು ಸಾಬೀತಾದರೂ ಸಾಕು, ನೇಮಗಾರ ಕೀಲಿ ಬಿಡುತ್ತದೆ. ಆಮೇಲೆ ಅವಳ ಸ್ಥಿತಿ ನೋಡಿ ಹರಿವನ್ನು ಹೆಚ್ಚುಕಡಿಮೆ ಮಾಡುತ್ತ, ಅವಳ ಉಸಿರನ್ನು ನಾನು ನೋಡಿಕೊಳ್ಳುತ್ತೇನೆ.

ತಾಯಿ, ದಯವಿಟ್ಟು ಆ ಗಂಟೆಗಳನ್ನು ಅಕ್ಷರದಲ್ಲಿ ಬರೆಯಿರಿ. ಮೂರೋ ಆರೋ, ಇದ್ದದ್ದನ್ನೇ ಬರೆಯಿರಿ. ಹಿಂದಿನ ಕಾಲಕ್ಕೆ ಹೋಗುವ ನಮ್ಮ ಟಪಾಲು ನಿಮಗೆ ಮುಟ್ಟಿದ್ದೇ ಆದರೆ, ನನ್ನೆದುರಿನ ಈ ಪುಟವೂ ಬದಲಾಗಬೇಕು. ಸೋಮವಾರ ಬೆಳಿಗ್ಗೆ ಎಂಟರವರೆಗೆ ತೆರೆದಿಟ್ಟುಕೊಂಡು ಕೂತಿರುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ನಾಲ್ಕು ಸಲ ನೋಡಿದೆ. ಇನ್ನೂ ಅಂಕೆಯೇ ಇದೆ.